ಪರೀಕ್ಷಕರ ಗಂಟಲು

ಇಷ್ಟು ವರ್ಷ ಔಷಧಿ ಕೊಟ್ಟ ಫಾರ್ಮಸಿಸ್ಟ್‌ಗೆ ಕೆಲಸ ಇನ್ನೂ ನೆಟ್ಟಗೆ ಬರುತ್ತದೆಯೇ ಎಂದು ನೋಡಲು, ರಾಮಕೃಷ್ಣನಗರದ ನನ್ನ ಮೆಡಿಕಲ್ಸ್‌ಗೆ ಪರೀಕ್ಷಕರೊಬ್ಬರು ಬಂದಿದ್ದರು. ನನಗೇನೂ ಅಳುಕಿರಲಿಲ್ಲ. ಅವರೇ ರೋಗಿಯ ಪಾತ್ರ ಹಾಕಿ, "ನೆಗಡಿ ಕಣಮ್ಮ, ಹೋದ್ಸಲ ಬರೆದಿದ್ದ ಆಂಟಿಬಯಾಟಿಕ್ಕೇ ಒಂದೆರಡು ಕೊಟ್ಬುಡಿ" ಎಂದು ಗೋಗರೆದರು.

"ಡಾಕ್ಟ್ರ ಚೀಟಿ ಇಲ್ಲದೆ ಕೊಡಲ್ಲ ಸರ್. ನೆಗಡಿಗೆ ಅದು ಬೇಕಾಗೋದೂ ಇಲ್ಲ" ಎಂದೆ.

ತಲೆದೂಗಿ, ಪಾಸು ಎಂದು ಬರೆದುಕೊಂಡರು. ಬ್ಯಾಗು ಹೆಗಲಿಗೇರಿಸಿ ಹೊರಟವರು ಬಾಗಿಲಲ್ಲಿ ತಿರುಗಿ ದನಿ ತಗ್ಗಿಸಿದರು. "ಈಗ ನಿಜವಾಗ್ಲೂ ಕೇಳ್ತಿದೀನಿ. ಗಂಟಲು ಕೆರೀತಿದೆ, ಅದನ್ನೇ ಎರಡು ಕೊಡಿ."

"ಚೀಟಿ ಸರ್" ಎಂದೆ.

ಮುಖ ಸಣ್ಣದು ಮಾಡಿಕೊಂಡು ಎದುರಿನ ಮೆಡಿಕಲ್ಸ್‌ಗೆ ಹೋದರು. ಈಚೆ ಬಂದಾಗ ಕೈಯಲ್ಲೊಂದು ಪುಟ್ಟ ಕವರಿತ್ತು. ಆ ಅಂಗಡಿಯವರನ್ನು ಮಾರನೆಯ ದಿನ ಪರೀಕ್ಷಿಸಬೇಕಾದವರೂ ಇವರೇ.