ಕಲ್ಲಿನ ನಡುವಿನ ತಗ್ಗು

ಮಾಟುಂಗ ಸ್ಟೇಷನ್ನಿನ ಬಳಿಯ ಆ ಸಲೂನಿನಲ್ಲಿ ಮೂರು ಕುರ್ಚಿಗಳಿದ್ದವು. ಮೂರನೆಯದು ನನ್ನದು. ಐದನೇ ಇಯತ್ತೆಗೇ ಶಾಲೆ ಬಿಟ್ಟವನಿಗೆ ಮುಂಬಯಿಯಲ್ಲಿ ಸ್ವಂತಕ್ಕೊಂದು ಕುರ್ಚಿ ಸಿಗುವುದೆಂದರೆ ಸಣ್ಣ ಮಾತಲ್ಲ. ೧೯೭೦ರ ಆಸುಪಾಸಿನಲ್ಲಿ ಅದು ಕೈತಪ್ಪುವ ಹೊತ್ತು ಬಂತು. ನನ್ನಪ್ಪ ಕೊಟ್ಟಿದ್ದ ಕ್ಷೌರದ ಕತ್ತಿ ಎಷ್ಟು ಮಸೆದರೂ ಹರಿತವಾಗುತ್ತಿರಲಿಲ್ಲ.

ಮಾಲಕರು ನಮ್ಮ ವಿಜಾಪುರದ ಕಡೆಯವರೇ. ಹಿರಿಯರು, ಕಾಕಾ ಎನ್ನುತ್ತಿದ್ದೆ. ಒಂದು ದಿನ ಗಿರಾಕಿಗಳ ಎದುರಿಗೇ ಶುರು ಮಾಡಿದರು.

"ಗಡ್ಡಾ ಬೋಳಸ್ತೀಯೋ, ಕೋಳಿ ಪುಚ್ಚಾ ಕೀಳ್ತೀಯೋ? ಕತ್ತಿ ಮಸಿಯೂ ಮುಂದ ಅದರ ಬೆನ್ನ ಎತ್ತತಿ ನೀ."

"ಇಲ್ಲ ಕಾಕಾ, ಎತ್ತಂಗಿಲ್ಲ."

"ಹಂಗಾರ ನನ್ನ ಸಾಣಿಕಲ್ಲಿಂದ ತಪ್ಪೇನ? ನಮ್ಮಪ್ಪನ ಕಾಲದ ಕಲ್ಲದು! ಐತವಾರ ತನಾ ನೋಡ್ತೀನಿ. ಇಲ್ಲಾಂದ್ರ ಊರಿಂದ ನನ್ನ ತಂಗಿ ಮಗಾ ಬರ್ತಾನ. ಕುರ್ಚಿ ಅವಂಗ."

ಮೈಯೆಲ್ಲ ಉರಿಯಿತು. ಕತ್ತಿಗೆ ಬೆನ್ನು ದಪ್ಪ, ಬಾಯಿ ತೆಳುವು. ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ ಎಳೆದರೆ ಬಾಯಿಯ ಓರೆ ಅಂಚು ತಾನೇ ಸರಿಯಾಗಿ ಕೂಡುತ್ತದೆ. ಬೆನ್ನು ಎತ್ತಿದರೆ ಬೇಗ ಹರಿತವಾಗುತ್ತದೆ ನಿಜ, ಆದರೆ ಓರೆ ದಪ್ಪಗಾಗಿ ಮೂರು ಗಡ್ಡಕ್ಕೇ ಮೊಂಡು. ಅಂಥ ಕಳ್ಳ ಕೆಲಸ ನಾನು ಮಾಡಿದವನಲ್ಲ.

ಶನಿವಾರ ಮಧ್ಯಾಹ್ನ ಕಾಕಾ ಊಟಕ್ಕೆ ಹೋದಾಗ ಏನೋ ಹೊಳೆಯಿತು. ಕತ್ತಿಯ ನೆಟ್ಟನೆಯ ಬೆನ್ನನ್ನು ಕಲ್ಲಿನ ಉದ್ದಕ್ಕೆ ಇಟ್ಟು, ಬಾಗಿಲಿನ ಕಡೆ ಹಿಡಿದು ನೋಡಿದೆ. ಅಡಿಯಲ್ಲಿ, ನಟ್ಟನಡುವೆ, ಬೆಳಕಿನ ಗೆರೆ! ಕಾಕಾ, ಅವರಪ್ಪ ಇಬ್ಬರೂ ನಡುವೆಯೇ ಮಸೆದು ಮಸೆದು ಕಲ್ಲು ತಗ್ಗಾಗಿತ್ತು. ನನ್ನ ಕತ್ತಿಯ ಎರಡು ತುದಿಗಳಷ್ಟೇ ಸವೆಯುತ್ತಿದ್ದವು, ನಡುಬಾಯಿಗೆ ಕಲ್ಲೇ ಮುಟ್ಟುತ್ತಿರಲಿಲ್ಲ. ಕಾಕಾರ ಕತ್ತಿಯೋ, ಅದೇ ಕಲ್ಲಿನ ಜೊತೆ ಸವೆದು ಆ ತಗ್ಗಿಗೇ ಒಗ್ಗಿಹೋಗಿತ್ತು.

 ಕಲ್ಲಿನ ಮೇಲೆ ಉದ್ದಕ್ಕೂ ಪೆನ್ಸಿಲಿನಿಂದ ಅಡ್ಡಗೆರೆಗಳನ್ನು ಎಳೆದೆ. ಹಿತ್ತಲಿನ ನಲ್ಲಿಯ ಕೆಳಗಿದ್ದ ಸಪಾಟು ಕಡಪಾ ಚಪ್ಪಡಿಗೆ ಸಣ್ಣ ಮರಳು, ನೀರು ಹಾಕಿ, ತಗ್ಗು ಹೋಗಿ ಸಮವಾಗಲೆಂದು ಕಲ್ಲನ್ನು ಬೋರಲು ತಿಕ್ಕತೊಡಗಿದೆ.

"ಏ ಹುಚ್ಚಾ! ನಮ್ಮಪ್ಪನ ಕಲ್ಲಿಗಿ ಏನ್ ಮಾಡಾಕತ್ತೀಯೋ?" ಕಾಕಾ ಬೆನ್ನ ಹಿಂದೆಯೇ ನಿಂತಿದ್ದರು.

 ಕಲ್ಲನ್ನು ತಿರುಗಿಸಿ ಅವರೆದುರು ಹಿಡಿದೆ. ಎರಡೂ ಕೊನೆಯಲ್ಲಿ ಗೆರೆ ಅಳಿಸಿತ್ತು. ನಡುವಿನ ಗೆರೆಗಳು ಹಾಗೇ ಇದ್ದವು, ಮರಳು ಅವನ್ನು ಮುಟ್ಟೇ ಇರಲಿಲ್ಲ.

ಕಾಕಾ ನಡುವಿನ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು.  ಕೊನೆಗೆ, "ಅರ್ಧಕ್ಕ ಬಿಡಬ್ಯಾಡ. ಪೂರಾ ತಿಕ್ಕು," ಎಂದರು.

ಕೊನೆಯ ಗೆರೆ ಅಳಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗಿತ್ತು. ಆಮೇಲೆ ಕತ್ತಿ ಮಲಗಿಸಿ ಎಳೆದೆ. ಆಹಾ, ಆ ಸದ್ದು! ಈ ತುದಿಯಿಂದ ಆ ತುದಿಗೆ ಒಂದೇ ಸಮ, ರೇಷ್ಮೆ ಎಳೆದ ಹಾಗೆ. ಚರ್ಮದ ಪಟ್ಟಿಗೆ ಸವರಿ ಮುಂಗೈಗೆ ತಾಗಿಸಿದರೆ ಕೂದಲು ತಾನಾಗಿ ಉದುರಿತು. ಕುಣಿಯುವುದೊಂದು ಬಾಕಿ.

ಮರುದಿನ ಐತವಾರ, ಬಾಗಿಲು ತೆಗೆದ ಕೂಡಲೇ ಕಾಕಾ ಬಂದು ನನ್ನ ಕುರ್ಚಿಯಲ್ಲೇ ಕೂತರು. "ಮೊದಲನೇ ಗಿರಾಕಿ ನಾನ. ಹೂಂ, ನಡೀಲಿ."

ಅವರದು ತಂತಿಯಂಥ ಗಡ್ಡ. ಕತ್ತಿ ನೊರೆಯೊಂದಿಗೆ ಜಾರುತ್ತಾ ಹೋಯಿತು, ಅವರ ಒಂದು ರೆಪ್ಪೆಯೂ ಅಲುಗಲಿಲ್ಲ. ಮುಗಿದ ಮೇಲೆ ಗದ್ದ ಸವರಿಕೊಂಡು, ಎದ್ದು ಹೋಗಿ ತಮ್ಮ ಕತ್ತಿ ತಂದರು.

"ನಿನ್ನ ನೆಟ್ಟನ ಕಲ್ಲಿಗಿ ಇದು ಕೂಡವಲ್ದು. ಸರಿ ಮಾಡಿ ಕೊಡು."

"ಮತ್ತ ನಿಮ್ಮ ತಂಗಿ ಮಗಾ, ಕಾಕಾ?"

"ಬರಬ್ಯಾಡ ಅಂತ ಕಾಗದಾ ಬರಿ. ನನಗೆಲ್ಲಿ ಬರಿಯಾಕ ಬರ್ತೈತಿ?"

ನನ್ನ ಐದನೇ ಇಯತ್ತೆ ಅಂದು ಕೆಲಸಕ್ಕೆ ಬಂತು. ಅಕ್ಷರ ದುಂಡಗೆ ಬರಲೆಂದು ನಾಲ್ಕು ಸಾಲನ್ನು ನಿಧಾನವಾಗಿ ಬರೆದೆ.