ಗಂಡಸರು ಮುಟ್ಟದ ಕೊಡೆ

ಕೆಂಪು ಹೂವಿನ ಕೊಡೆಯೋ, ಅಥವಾ ಹಸಿರು ಹೂವಿನದೋ? ಒಮ್ಮೆ ಹಸಿರು ಕಾಣುತ್ತದೆ, ಇನ್ನೊಮ್ಮೆ ಕೆಂಪು. ಕೊಳ್ಳದೆ ಬಿಟ್ಟ ಕೊಡೆಯ ಬಣ್ಣವನ್ನು ನೆನಪು ಈಗ ತಾನೇ ಬಳಿಯುತ್ತಿದೆಯೇನೋ. ಕೊಂಡದ್ದು ಮಾತ್ರ ಕಪ್ಪು. ಅದು ಖಂಡಿತ.

ಅರುವತ್ತನೇ ಇಸವಿಯ ಆಚೀಚೆ. ಅಕ್ಕ ರಾಮಕುಂಜದ ಕಡೆ ಶಾಲೆಯಲ್ಲಿ ಟೀಚರ್. ನಾನು ಪುತ್ತೂರಿನಲ್ಲಿ ಗುಮಾಸ್ತ, ಶನಿವಾರ ಊರಿಗೆ ಬರುವವನು. ಎಂಟು ರೂಪಾಯಿ ಕೊಟ್ಟು, “ಲೇಡೀಸ್ ಕೊಡೆಯೇ ತಾ” ಎಂದಿದ್ದಳು. ಎರಡು ಸಲ ಹೇಳಿದ್ದಳು.

ಅಂಗಡಿಯಲ್ಲಿ ಗಂಡಸರ ದೊಡ್ಡ ಕೊಡೆಗೆ ಆರು, ಹೆಂಗಸರ ಪುಟ್ಟ ಕೊಡೆಗೆ ಎಂಟು.

“ಸಣ್ಣದಕ್ಕೆ ಜಾಸ್ತಿಯಾ? ಇದೆಂತ ಲೆಕ್ಕ?”

“ಹೂ ಉಂಟಲ್ಲ ಮಾರಾಯ್ರೆ,” ಎಂದ ಅಂಗಡಿಯವ.

“ಹೂ ನಮ್ಮ ಹಿತ್ತಿಲಲ್ಲಿ ಧರ್ಮಕ್ಕೆ ಉಂಟು.”

“ಹಾಗಾದ್ರೆ ಅದನ್ನೇ ಹಿಡ್ಕೊಂಡು ಹೋಗ್ಲಿ!”

ಇಬ್ಬರೂ ನಕ್ಕೆವು. ನಾನು ಕಪ್ಪು ಕೊಡೆ ಕೊಂಡೆ. ಉಳಿದ ಎರಡು ರೂಪಾಯಿ ಅಕ್ಕನಿಗೆ ಹಿಂತಿರುಗಿಸಿದೆ ಎಂದೇ ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಸಂಜೆಯ ಮಸಾಲೆದೋಸೆ, ಆಮೇಲೆ ನೋಡಿದ ಸಿನಿಮಾ, ಅವೂ ನೆನಪಿನಲ್ಲಿವೆ. ಗುಮಾಸ್ತನ ಜೇಬಿನಲ್ಲಿ ತಿಂಗಳ ಕೊನೆಗೆ ಬೇರೆ ದುಡ್ಡು ಎಲ್ಲಿತ್ತು?

ಅಕ್ಕ ಕೊಡೆ ಬಿಡಿಸಿದಳು, ಮಡಚಿದಳು. “ಇದು ಗಂಡಸರದ್ದಲ್ವಾ?”

“ದೊಡ್ಡದುಂಟು. ನಿನ್ನ ಪುಸ್ತಕವೂ ಒದ್ದೆ ಆಗುದಿಲ್ಲ.”

ಅವಳು ಕೊಡೆಯನ್ನು ಚಾವಡಿಯ ಗೂಟಕ್ಕೆ ನೇತುಹಾಕಿದಳು.

ಎರಡು ವಾರದ ಮೇಲೆ ಬಸ್ಸಿಳಿದು ಜೋರು ಮಳೆಯಲ್ಲಿ ಬರುತ್ತಿದ್ದೆ. ಮುಂದೆ ಅಕ್ಕ, ತಲೆಯ ಮೇಲೆ ಬಾಳೆಎಲೆ, ಸೆರಗಿನೊಳಗೆ ಪುಸ್ತಕ. ಹಿಂದಿನಿಂದ ಶಾಲೆಯ ಹುಡುಗಿಯರು ಕೂಗುತ್ತಿದ್ದರು: “ಟೀಚರೇ, ಊಟಕ್ಕೆ ಹೋಗುದಾ?” ಅವಳೂ ನಗುತ್ತಿದ್ದಳು.

“ಕೊಡೆ ಎಲ್ಲಿ?” ಎಂದೆ.

“ಚಿಕ್ಕಪ್ಪನನ್ನು ಕೇಳು. ಜಾಲ್ಸೂರಿನ ಬಸ್ಸಿನಲ್ಲಿ ಬಿಟ್ಟು ಬಂದ್ರು. ಅದಕ್ಕಿಂತ ಮೊದಲು ಅಪ್ಪ ಕಡಬಕ್ಕೆ ಒಯ್ದಿದ್ರು. ಹೂವಿನದ್ದಾದ್ರೆ ಯಾರೂ ಮುಟ್ತಿರ್ಲಿಲ್ಲ ಮಾರಾಯ.”

ನಮ್ಮ ಚಾವಡಿಯ ಗೂಟದಲ್ಲಿ ನೇತಾಡುವ ಕಪ್ಪು ಕೊಡೆ ಮೊದಲು ಹೊರಟವನದು. ಹೂವಿನ ಕೊಡೆ ಹಿಡಿಯುವುದಕ್ಕಿಂತ ನಮ್ಮ ಗಂಡಸರು ನೆನೆಯುವುದನ್ನೇ ಮೆಚ್ಚಿಕೊಳ್ಳುತ್ತಿದ್ದರು. ನಾನೂ ಅಷ್ಟೇ. ತನ್ನದೆನ್ನುವ ಒಂದು ವಸ್ತು ಮನೆಯಲ್ಲಿ ಉಳಿಯಲೆಂದು ಅವಳು ಆ ಎರಡು ರೂಪಾಯಿ ಹೆಚ್ಚು ಕೊಡಲು ಹೊರಟಿದ್ದಳು. ನನಗೆ ಹೂ ಮಾತ್ರ ಕಂಡಿತ್ತು. ನನ್ನ ಕೊಡೆಯನ್ನು ಅವಳತ್ತ ಚಾಚಿದೆ. “ಬೇಡ, ಒದ್ದೆ ಆಗಿಯಾಯ್ತು” ಎಂದಳು.

ಉಳಿದ ಆ ಎರಡು ರೂಪಾಯಿಯ ಸುದ್ದಿಯನ್ನು ಅವಳು ಎಂದೂ ಎತ್ತಲಿಲ್ಲ. ನಾನು ಕೊಟ್ಟಿದ್ದೆನೆಂದೋ, ಕೇಳುವುದು ಬೇಡವೆಂದೋ, ನನಗೆ ಗೊತ್ತಿಲ್ಲ.