ಕಾಕು ಸುರಿದ ಕಾನ್ಫೆಟ್ಟಿ

ಠಾಣೆ ನಗರದಲ್ಲಿ ಒಂದು ಹುಟ್ಟುಹಬ್ಬಕ್ಕೆ ಹೋಗಿ ಬಂದ ಮರುದಿನ, ಅಂಗಿಯ ಕಾಲರಿನ ಮಡಿಕೆಯಲ್ಲಿ ಕೆಂಪು ಕಾಗದದ ಚೂರೊಂದು ಸಿಕ್ಕಿತು. ಕೇಕು ಕತ್ತರಿಸುವಾಗ ಮೇಲಿನಿಂದ ಸುರಿದಿದ್ದ ಕಾನ್ಫೆಟ್ಟಿ. ಅದನ್ನು ಬೆರಳ ತುದಿಯಲ್ಲಿ ಹಿಡಿದಾಗ, ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದ ಎದುರುಮನೆಯ ಕಾಕು ನೆನಪಾದರು...

ಅವರು ಬೆಳಗಾವಿಯ ಕಡೆಯವರು. ಮರಾಠಿಯ ರೂಢಿಯಂತೆ, ಚಿಕ್ಕಮ್ಮನೆಂಬ ಅರ್ಥದಲ್ಲಿ, ಕಟ್ಟಡದವರೆಲ್ಲರಿಗೂ ಕಾಕು. ನಾನಾಗ ಕನ್ನಡ ಶಾಲೆಯ ಅಧ್ಯಾಪಕ. ಮಗಳ ಮೊದಲ ಸಂಕ್ರಾಂತಿಗೆ ಇಲ್ಲಿನ ಪದ್ಧತಿಯಂತೆ ‘ಬೋರ್‌ನ್ಹಾಣ’ ಮಾಡಲೇಬೇಕೆಂದು ಅವರು ಹಟ ಹಿಡಿದರು. ಮಗುವನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲೆ ಬೋರೆಹಣ್ಣು, ಚುರುಮುರಿ, ಸಕ್ಕರೆ ಸವರಿದ ಎಳ್ಳು ಸುರಿಯುವುದು. ನೆರೆಯ ಮಕ್ಕಳು ಮುಗಿಬಿದ್ದು ಆಯ್ದು ತಿನ್ನುವುದು. ಉಡುಪಿಯ ನಮ್ಮ ಮನೆಯಲ್ಲಿ ಈ ಕ್ರಮವಿರಲಿಲ್ಲ. ತಿನ್ನುವ ಪದಾರ್ಥ ಕಾಲಡಿಗೆ ಸಿಗಬಾರದೆಂದು ನಾನು ಬಣ್ಣದ ಕಾಗದವನ್ನು ಅಳತೆಯಿಟ್ಟು ಕತ್ತರಿಸಿ ತಟ್ಟೆ ತುಂಬಿಸಿದೆ.

“ಮಾಸ್ತರ್ರ, ಬರೀ ಕಾಗದ ಸುರಿದ್ರ ಹುಡುಗ್ರು ಏನ್ ಆರಿಸ್ಕೊಂಡು ತಿನ್ಬೇಕ್ರಿ?” ಎಂದು ಕಾಕು ನಕ್ಕರು. ನಾನು ಜಗ್ಗಲಿಲ್ಲ. ಮಗು ನಿಮ್ಮದು ಎಂದು ಅವರು ಸುಮ್ಮನಾದರು.

ಕಾಗದ ಸುರಿದಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಮಗಳು ಕೆಮ್ಮಿದಳು. ಮರುಕ್ಷಣ ಕೆಮ್ಮೂ ನಿಂತಿತು. ಬಾಯಿ ತೆರೆದೇ ಇತ್ತು, ಮುಖ ನೀಲಿಗಟ್ಟುತ್ತಿತ್ತು. ನಾನು ಖಾಲಿ ತಟ್ಟೆ ಹಿಡಿದು ನಿಂತೇ ಇದ್ದೆ. ಕಾಕು ಮಗುವನ್ನು ಸೆಳೆದುಕೊಂಡು ಮುಂಗೈಯ ಮೇಲೆ ಬೋರಲಾಗಿಸಿ, ತಲೆ ತಗ್ಗಿಸಿ, ಬೆನ್ನಿಗೆ ಅಂಗೈಯಿಂದ ಹೊಡೆದರು. ಒಂದು, ಎರಡು... ಐದನೆಯ ಪೆಟ್ಟಿಗೆ ಒದ್ದೆ ಕಾಗದದ ಮುದ್ದೆ ಹೊರಬಿತ್ತು. ಮಗಳು ಕಿರುಚಿ ಅತ್ತಳು. ಆ ಅಳು ಕೇಳಿದ ಮೇಲೆಯೇ ನಾನು ಕುಸಿದು ಕುಳಿತದ್ದು.

ಕಾಕು ನನ್ನನ್ನು ಗದರಲಿಲ್ಲ. ಕಾಗದವನ್ನೆಲ್ಲ ಗುಡಿಸಿ, ತಾವು ತಂದಿದ್ದ ಬೋರೆಹಣ್ಣುಗಳನ್ನು ದೊಡ್ಡ ಮಕ್ಕಳ ಕೈಗಿತ್ತು, ಮಗಳು ಸಮಾಧಾನಗೊಂಡ ಮೇಲೆ ಒಂದು ಹಿಡಿ ಚುರುಮುರಿ ಮಾತ್ರ ಸುರಿದರು.

“ಕೂಸು ಕೈಗೆ ಸಿಕ್ಕಿದ್ದೆಲ್ಲಾ ಬಾಯಾಗ ಹಾಕ್ಕೋತೈತ್ರಿ. ಅದಕ್ಕ ಬಾಯಾಗ ಕರಗೂದನ್ನ ಸುರೀಬೇಕ್ರಿ.”

ಕಾನ್ಫೆಟ್ಟಿ ಎಂಬ ಪದದ ಮೂಲವನ್ನು ನಾನು ಹುಡುಕಿದ್ದು ಬಹಳ ವರ್ಷಗಳ ನಂತರ. ಅದು ಇಟಲಿಯ ಮಾತು, ಅರ್ಥ ಮಿಠಾಯಿ. ಸಕ್ಕರೆ ಸವರಿದ ಬಾದಾಮಿಯನ್ನು, ಕೊತ್ತಂಬರಿ ಬೀಜವನ್ನು ಉತ್ಸವಗಳಲ್ಲಿ ಜನರ ಮೇಲೆ ಎರಚುತ್ತಿದ್ದರಂತೆ. ಆಮೇಲೆ ಅಗ್ಗದ ಸುಣ್ಣದ ಗುಳಿಗೆಗಳು ಬಂದವು, ಕೊನೆಗೆ ಕಾಗದ. ಇಟಲಿಯವರಿಗೆ ಇಂದಿಗೂ ಕಾನ್ಫೆಟ್ಟಿ ಎಂದರೆ ಮದುವೆಯ ಸಿಹಿಯೇ. ಕಾಗದದ ಚೂರಿಗೆ ಅವರು ಕೊತ್ತಂಬರಿಯ ಹೆಸರಿಟ್ಟಿದ್ದಾರೆ.

ಇದನ್ನು ಕಾಕುವಿಗೆ ಹೇಳಿ, ಅಂದು ಆಡದೆ ಉಳಿದ ಕೃತಜ್ಞತೆಯ ಮಾತನ್ನೂ ಆಡಿಬರಬೇಕೆಂದು ಕಲ್ಯಾಣದಲ್ಲಿದ್ದ ಅವರ ಮಗನ ಮನೆಗೆ ಹೋದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು...

ಮಗಳು ಈಗ ವಾಶಿಯಲ್ಲಿದ್ದಾಳೆ. ದಿನವೂ ಸಂಜೆ ಫೋನು ಮಾಡುತ್ತಾಳೆ. ಮಾತಿನ ನಡುವೆ ಅವಳು ಕೆಮ್ಮಿದರೆ ಇಂದಿಗೂ ನಾನು ಎದ್ದು ನಿಲ್ಲುತ್ತೇನೆ. “ಏನಿಲ್ಲ ಅಪ್ಪ, ಧೂಳು” ಎನ್ನುತ್ತಾಳೆ. ನಾನು ಕುಳಿತುಕೊಳ್ಳುತ್ತೇನೆ.